ರಕ್ತನಾಳದ ಒಳಪದರ ಮತ್ತು ಉರಿಯೂತ: ಪದೇ ಪದೇ ಕೇಳುವ ಪ್ರಶ್ನೆಗಳು

ಡೆಂಗಿ ಬಂದವರ ಮನೆಯವರು ಪ್ಲೇಟ್‌ಲೆಟ್ ಎಷ್ಟಾಯಿತು ಎಂದು ಕೇಳುತ್ತಾರೆ. ಹೃದಯಾಘಾತವಾದವರ ಮನೆಯವರು ಕೊಲೆಸ್ಟರಾಲ್ ಎಷ್ಟಿತ್ತು ಎಂದು ಕೇಳುತ್ತಾರೆ. ಎರಡೂ ಕಾಯಿಲೆಗಳಲ್ಲಿ ಪೆಟ್ಟು ತಿನ್ನುವ ಎಂಡೋಥೀಲಿಯಂ ಎಂಬ ರಕ್ತನಾಳದ ಒಳಪದರದ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಅದರ ಕುರಿತು ಓದುಗರಿಗೆ ಏಳಬಹುದಾದ ಪ್ರಶ್ನೆಗಳು ಇಲ್ಲಿವೆ.

ಎಂಡೋಥೀಲಿಯಂ ಎಲ್ಲಿರುತ್ತದೆ?

ಹೃದಯದಿಂದ ಹೊರಡುವ ಮಹಾಅಪಧಮನಿಯಿಂದ ಹಿಡಿದು ಬೆರಳ ತುದಿಯ ಲೋಮನಾಳದವರೆಗೆ ಪ್ರತಿಯೊಂದು ರಕ್ತನಾಳದ ಒಳಮೈಯಲ್ಲೂ ಇರುತ್ತದೆ. ಅದು ಒಂದೇ ಒಂದು ಜೀವಕೋಶದಷ್ಟು ದಪ್ಪದ ಪದರ. ದೊಡ್ಡ ಅಪಧಮನಿಗಳಲ್ಲಿ ಇದರ ಹೊರಗೆ ಸ್ನಾಯುವಿನ ಪದರವೂ ಅದರಾಚೆ ನಾರಿನ ಹೊದಿಕೆಯೂ ಇವೆ. ಲೋಮನಾಳದಲ್ಲಿ ಗೋಡೆ ಎಂದರೆ ಬಹುತೇಕ ಈ ಪದರವೇ. ಅಲ್ಲಿ ಇದರ ಅಂಚಿನ ದಪ್ಪ ಅರ್ಧ ಮೈಕ್ರಾನ್ ಕೂಡ ಇರುವುದಿಲ್ಲ. ಪಕ್ಕದಲ್ಲೇ ಹಾದುಹೋಗುವ ಕೆಂಪು ರಕ್ತಕಣದ ಅಗಲ 7–8 ಮೈಕ್ರಾನ್. ಇಷ್ಟು ತೆಳುವಾಗಿದ್ದರೂ ದೇಹದ ಎಲ್ಲ ಎಂಡೋಥೀಲಿಯಂ ಒಟ್ಟುಗೂಡಿಸಿದರೆ ಸುಮಾರು ಒಂದು ಕಿಲೋ ತೂಗಬಹುದು ಎಂಬ ಅಂದಾಜಿದೆ.

ಇದು ನಾಳದ ಒಳಗಿನ ಬರೀ ಲೇಪವಲ್ಲವೇ?

ಅಲ್ಲ. ರಕ್ತನಾಳವನ್ನು ಕೊಳಾಯಿಗೂ ಕೊಲೆಸ್ಟರಾಲನ್ನು ಅದರೊಳಗೆ ಕಟ್ಟುವ ಕಿಟ್ಟಕ್ಕೂ ಹೋಲಿಸುವುದು ಆರೋಗ್ಯ ಲೇಖನಗಳಿಗೆ ಅಂಟಿದ ಚಟ. ಈ ಹೋಲಿಕೆ ಓದುಗರನ್ನು ದಾರಿ ತಪ್ಪಿಸುತ್ತದೆ ಎಂಬುದು ನನ್ನ ದೂರು. ಕೊಳಾಯಿ ತಾನಾಗಿ ಏನನ್ನೂ ಮಾಡುವುದಿಲ್ಲ. ಎಂಡೋಥೀಲಿಯಂ ಮಾಡುವ ಕೆಲಸಕ್ಕೆ ಬಿಡುವೇ ಇಲ್ಲ: ನಾಳ ಎಷ್ಟು ಹಿಗ್ಗಬೇಕು, ರಕ್ತ ಎಲ್ಲಿ ಹೆಪ್ಪುಗಟ್ಟಬೇಕು, ಯಾವ ಬಿಳಿ ರಕ್ತಕಣ ಎಲ್ಲಿ ಹೊರಗಿಳಿಯಬೇಕು ಎಂಬುದರಲ್ಲೆಲ್ಲ ಅದರ ಕೈ ಇದೆ.

ಇದು ತಿಳಿದುಬಂದದ್ದು ತಡವಾಗಿ. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಜೀವಂತ ಪ್ರಾಣಿಯಲ್ಲಿ ರಕ್ತನಾಳವನ್ನು ಹಿಗ್ಗಿಸುತ್ತಿತ್ತು. ಆದರೆ ಪ್ರಯೋಗಾಲಯದಲ್ಲಿ ಕತ್ತರಿಸಿಟ್ಟ ಮೊಲದ ಮಹಾಅಪಧಮನಿಯ ಪಟ್ಟಿಯನ್ನು ಅದು ಕುಗ್ಗಿಸುತ್ತಿತ್ತು. ಅಮೆರಿಕದ ಬ್ರೂಕ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ರಾಬರ್ಟ್ ಫರ್ಚ್‌ಗಾಟ್‌ಗೆ ಈ ಒಗಟು ಬಿಡಿಸಿದ್ದು ಒಂದು ಕ್ಷುಲ್ಲಕ ಸಂಗತಿ. ಪಟ್ಟಿ ತಯಾರಿಸುವಾಗ ಅದರ ಒಳಮೈ ಎಲ್ಲಿಗಾದರೂ ಉಜ್ಜಿ ಎಂಡೋಥೀಲಿಯಂ ಕಿತ್ತುಹೋಗುತ್ತಿತ್ತು. ಉಜ್ಜದಂತೆ ಜೋಪಾನ ಮಾಡಿದ ಪಟ್ಟಿ ಹಿಗ್ಗಿತು. 1980ರಲ್ಲಿ ಫರ್ಚ್‌ಗಾಟ್ ಮತ್ತು ಜಾನ್ ಝವಾಡ್‌ಸ್ಕಿ ಇದನ್ನು ಪ್ರಕಟಿಸಿದರು. ಒಳಪದರದಿಂದ ಹೊರಟು ಸ್ನಾಯುವನ್ನು ಸಡಿಲಿಸುವ ವಸ್ತು ನೈಟ್ರಿಕ್ ಆಕ್ಸೈಡ್ ಎಂಬುದು ಆ ದಶಕದ ಕೊನೆಯ ಹೊತ್ತಿಗೆ ಖಚಿತವಾಯಿತು. ಒಂದು ಅನಿಲ ದೇಹದೊಳಗೆ ಸಂದೇಶ ಒಯ್ಯುತ್ತದೆ ಎಂಬುದನ್ನು ಅಲ್ಲಿಯವರೆಗೆ ಹೆಚ್ಚಿನವರು ಊಹಿಸಿರಲಿಲ್ಲ. 1998ರ ನೊಬೆಲ್ ಪ್ರಶಸ್ತಿ ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ ಮತ್ತು ಫೆರಿದ್ ಮುರಾದ್ ಅವರಿಗೆ ಸಂದಿತು.

ಎದೆನೋವು ಬಂದಾಗ ನಾಲಿಗೆಯ ಕೆಳಗಿಡುವ ನೈಟ್ರೇಟ್ ಮಾತ್ರೆ ದೇಹದಲ್ಲಿ ಒದಗಿಸುವುದೂ ಇದೇ ನೈಟ್ರಿಕ್ ಆಕ್ಸೈಡನ್ನು. ನೈಟ್ರೊಗ್ಲಿಸರಿನ್‌ನಿಂದ ಡೈನಮೈಟ್ ಮಾಡಿ ಸಿರಿವಂತನಾದ ಆಲ್ಫ್ರೆಡ್ ನೊಬೆಲ್‌ಗೆ ಕೊನೆಗಾಲದಲ್ಲಿ ವೈದ್ಯರು ಬರೆದುಕೊಟ್ಟದ್ದೂ ನೈಟ್ರೊಗ್ಲಿಸರಿನ್ ಅನ್ನೇ.

ಆರೋಗ್ಯವಾಗಿರುವ ಎಂಡೋಥೀಲಿಯಂನ ಲಕ್ಷಣವೇನು?

ಅದರ ಮೇಲೆ ಏನೂ ಅಂಟುವುದಿಲ್ಲ. ರಕ್ತಕ್ಕೆ ಮುಖ ಮಾಡಿದ ಬದಿಯಲ್ಲಿ ಸಕ್ಕರೆ ಮತ್ತು ಪ್ರೋಟೀನ್ ಎಳೆಗಳ ಗ್ಲೈಕೊಕ್ಯಾಲಿಕ್ಸ್ ಎಂಬ ನವಿರು ಹೊದಿಕೆ ಇರುತ್ತದೆ. ಎಂಡೋಥೀಲಿಯಂ ಹೊರಡಿಸುವ ನೈಟ್ರಿಕ್ ಆಕ್ಸೈಡ್ ಮತ್ತು ಪ್ರೊಸ್ಟಸೈಕ್ಲಿನ್ ಎಂಬ ವಸ್ತುಗಳು ಪ್ಲೇಟ್‌ಲೆಟ್‌ಗಳು ಗುಂಪುಗಟ್ಟದಂತೆ ತಡೆಯುತ್ತವೆ. ಥ್ರಾಂಬೊಮಾಡ್ಯುಲಿನ್ ಎಂಬ ಪ್ರೋಟೀನ್, ಹೆಪ್ಪುಗಟ್ಟಿಸುವ ಥ್ರಾಂಬಿನ್ ಅನ್ನೇ ಹಿಡಿದು ಹೆಪ್ಪುಗಟ್ಟುವಿಕೆಯ ವಿರುದ್ಧ ತಿರುಗಿಸುತ್ತದೆ. ಕೋಶಕೋಶದ ನಡುವಿನ ಬೆಸುಗೆ ನೀರು, ಲವಣಗಳನ್ನು ಬಿಟ್ಟು ಆಲ್ಬುಮಿನ್‌ನಂತಹ ದೊಡ್ಡ ಪ್ರೋಟೀನುಗಳನ್ನು ಬಹುಮಟ್ಟಿಗೆ ಒಳಗೇ ಉಳಿಸಿಕೊಳ್ಳುತ್ತದೆ.

ಉರಿಯೂತದ, ಅಂದರೆ ಗಾಯಕ್ಕೋ ಸೋಂಕಿಗೋ ದೇಹ ಕೆಂಪಾಗಿ ಊದಿಕೊಂಡು ತೋರುವ ಪ್ರತಿಕ್ರಿಯೆಯ, ಹೊತ್ತಿನಲ್ಲಿ ಇವೆಲ್ಲ ತಿರುವುಮುರುವಾಗುತ್ತವೆ.

ಉರಿಯೂತ ಶುರುವಾದ ಮೊದಲ ನಿಮಿಷಗಳಲ್ಲಿ ಏನಾಗುತ್ತದೆ?

ನಿಮ್ಮ ಮೊಣಕೈ ಕೆಳಗಿನ ಒಳಭಾಗದಲ್ಲೇ ನೋಡಬಹುದು. ಪೆನ್ನಿನ ಮುಚ್ಚಳದ ಅಂಚಿನಿಂದ, ಗಾಯವಾಗದಂತೆ, ತುಸು ಒತ್ತಿ ಒಂದು ಗೆರೆ ಎಳೆಯಿರಿ. ಮೊದಲು ಆ ಗೆರೆ ಕೆಂಪಾಗುತ್ತದೆ. ಸ್ವಲ್ಪ ಹೊತ್ತಿಗೆ ಕೆಂಪು ಆಚೀಚೆ ಹರಡುತ್ತದೆ. ಸೂಕ್ಷ್ಮ ಚರ್ಮದವರಲ್ಲಿ ಗೆರೆಯ ಗುಂಟ ಚರ್ಮ ಉಬ್ಬಿ ಬರುತ್ತದೆ. ಬ್ರಿಟನ್ನಿನ ವೈದ್ಯ ಥಾಮಸ್ ಲೂಯಿಸ್ ಇದನ್ನು 1920ರ ದಶಕದಲ್ಲಿ ವಿವರವಾಗಿ ದಾಖಲಿಸಿದ್ದಾರೆ. ಸೊಳ್ಳೆ ಕಚ್ಚಿದ ಜಾಗದ ಗುಳ್ಳೆಯೂ ಇದೇ ಬಗೆಯದು.

ಚರ್ಮದಲ್ಲಿರುವ ಮಾಸ್ಟ್ ಕೋಶಗಳೆಂಬ ರಕ್ಷಣಾ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಚೆಲ್ಲುತ್ತವೆ. ಅದು ತಗುಲಿದ ಎಂಡೋಥೀಲಿಯಲ್ ಕೋಶಗಳು ಅಂಚುಗಳನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಎರಡು ಕೋಶಗಳ ನಡುವೆ ಸಂದು ಬೀಳುತ್ತದೆ. ರಕ್ತದ ದ್ರವ ಆ ಸಂದಿನಿಂದ ಹೊರಗೆ ಜಿನುಗಿ ಊತವಾಗುತ್ತದೆ. ಈ ಸಂದುಗಳು ಬೀಳುವುದು ಲೋಮನಾಳಗಳಿಗಿಂತ ಹೆಚ್ಚಾಗಿ ಅವುಗಳ ಮುಂದಿನ ಕಿರು ಅಭಿಧಮನಿಗಳಲ್ಲಿ ಎಂಬುದನ್ನು ಗೀಡೊ ಮಾಯ್ನೊ ಮತ್ತು ಜಾರ್ಜ್ ಪಲಾಡೆ 1961ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು.

ಅದೇ ಹೊತ್ತಿಗೆ ಕೋಶದೊಳಗೆ ಮೊದಲೇ ಸಿದ್ಧವಾಗಿಟ್ಟಿದ್ದ ಕಡ್ಡಿಯಾಕಾರದ ಚೀಲಗಳು ಹೊರಮೈಗೆ ಬಂದು ಒಡೆಯುತ್ತವೆ. 1964ರಲ್ಲಿ ಇವನ್ನು ವಿವರಿಸಿದ ವೈಬಲ್ ಮತ್ತು ಪಲಾಡೆ ಅವರ ಹೆಸರೇ ಇವಕ್ಕೆ ನಿಂತಿದೆ. ಇವುಗಳಲ್ಲಿ ಪ್ಲೇಟ್‌ಲೆಟ್‌ಗಳನ್ನು ಹಿಡಿಯುವ ವಾನ್ ವಿಲ್ಲೆಬ್ರಾಂಡ್ ಅಂಶವೂ ಬಿಳಿ ರಕ್ತಕಣಗಳನ್ನು ಹಿಡಿಯುವ ಪಿ-ಸೆಲೆಕ್ಟಿನ್ ಕೂಡ ಇರುತ್ತವೆ. ಹೊಸದಾಗಿ ಏನನ್ನೂ ತಯಾರಿಸಬೇಕಿಲ್ಲವಾದ್ದರಿಂದ ಎಲ್ಲವೂ ನಿಮಿಷಗಳಲ್ಲಿ ಮುಗಿಯುತ್ತದೆ, ಹಾಗೆಯೇ ಬೇಗ ಇಳಿಯುತ್ತದೆ.

ಗಂಟೆಗಳು ಕಳೆದ ಮೇಲೆ?

ಆಗ ಎರಡನೇ ಹಂತ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಎಂಬ ಸಂದೇಶ ಪ್ರೋಟೀನುಗಳು ಎಂಡೋಥೀಲಿಯಂಗೆ ಮುಟ್ಟಿದಾಗ ಕೋಶದೊಳಗೆ ಎನ್‌ಎಫ್-ಕಪ್ಪಾ-ಬಿ ಎಂಬ ನಿಯಂತ್ರಕ ಕೋಶಕೇಂದ್ರಕ್ಕೆ ಹೋಗಿ, ಸುಮ್ಮನಿದ್ದ ಜೀನುಗಳನ್ನು ಚಾಲೂ ಮಾಡುತ್ತದೆ. ಕೆಲವೇ ಗಂಟೆಗಳಲ್ಲಿ ಕೋಶದ ಮೈಮೇಲೆ ಇ-ಸೆಲೆಕ್ಟಿನ್, ಐಕ್ಯಾಮ್-1, ವಿಕ್ಯಾಮ್-1 ಎಂಬ ಅಂಟು ಪ್ರೋಟೀನುಗಳು ಏಳುತ್ತವೆ. ಥ್ರಾಂಬೊಮಾಡ್ಯುಲಿನ್ ಕಡಿಮೆಯಾಗುತ್ತದೆ, ರಕ್ತ ಹೆಪ್ಪುಗಟ್ಟಿಸುವ ಟಿಶ್ಯೂ ಫ್ಯಾಕ್ಟರ್ ತಲೆ ಹಾಕುತ್ತದೆ. ನೈಟ್ರಿಕ್ ಆಕ್ಸೈಡನ್ನು ಸೂಪರ್‌ಆಕ್ಸೈಡ್ ಎಂಬ ತೀವ್ರ ಕ್ರಿಯಾಶೀಲ ಅಣು ನುಂಗಿಹಾಕುತ್ತದೆ. ಏನೂ ಅಂಟದಿದ್ದ ಮೈ ಈಗ ಅಂಟುವ ಮೈ.

ಸೂಕ್ಷ್ಮದರ್ಶಕದಲ್ಲಿ ಇದು ನೋಡುವಂಥದ್ದು. ರಕ್ತದ ನಡುಧಾರೆಯಲ್ಲಿ ಹರಿದು ಹೋಗುತ್ತಿದ್ದ ಬಿಳಿ ಕಣ ಅಂಚಿಗೆ ಸರಿಯುತ್ತದೆ. ಸೆಲೆಕ್ಟಿನ್ ಅದನ್ನು ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಕಣ ಗೋಡೆಯ ಮೇಲೆ ನಿಧಾನವಾಗಿ ಉರುಳತೊಡಗುತ್ತದೆ. ಐಕ್ಯಾಮ್‌ಗೆ ಸಿಕ್ಕಿದಾಗ ಗಕ್ಕನೆ ನಿಲ್ಲುತ್ತದೆ. ಚಪ್ಪಟೆಯಾಗಿ ಹರಡಿಕೊಂಡು ತುಸು ತೆವಳಿ, ಎರಡು ಕೋಶಗಳ ನಡುವೆ ಕಾಲು ಚಾಚಿ ಆಚೆಗೆ ನುಸುಳುತ್ತದೆ. ಜರ್ಮನಿಯ ಯೂಲಿಯಸ್ ಕೋನ್‌ಹೈಮ್ 1867ರಲ್ಲಿ ಕಪ್ಪೆಯ ಅಂಗಾಂಶದಲ್ಲಿ ಬಿಳಿ ಕಣಗಳು ನಾಳದಿಂದ ಹೊರಬರುವುದನ್ನು ಕಣ್ಣಾರೆ ಕಂಡು ಬರೆದಿದ್ದರು. ಯಾವ ಅಣು ಹಿಡಿಯಿತು, ಯಾವುದು ನಿಲ್ಲಿಸಿತು ಎಂದು ಹೇಳಲು ಇನ್ನೂ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

ಹಾಗಾದರೆ ಉರಿಯೂತ ಕೆಟ್ಟದ್ದೇ?

ಇಲ್ಲ. ಅದು ಇಲ್ಲದಿದ್ದರೆ ಮುಳ್ಳು ಚುಚ್ಚಿದ ಗಾಯಕ್ಕೇ ಪ್ರಾಣ ಹೋಗಬಹುದು. ಒಂದು ಜಾಗದಲ್ಲಿ, ಒಂದಷ್ಟು ದಿನ ನಡೆದು ಅಡಗುವುದು ಸಹಜ ಕ್ರಿಯೆ. ಮೈಯೆಲ್ಲ ಏಕಕಾಲಕ್ಕೆ ನಡೆದರೆ ಒಂದು ಬಗೆಯ ಅನಾಹುತ. ಸದ್ದಿಲ್ಲದೆ ದಶಕಗಟ್ಟಲೆ ನಡೆದರೆ ಇನ್ನೊಂದು ಬಗೆಯದು. ಮೊದಲನೆಯದಕ್ಕೆ ಡೆಂಗಿ ಮತ್ತು ಸೋಂಕಿಗೆ ದೇಹದ ಪ್ರತಿಕ್ರಿಯೆ ಹದ್ದುಮೀರುವ ಸೆಪ್ಸಿಸ್, ಎರಡನೆಯದಕ್ಕೆ ಹೃದಯಾಘಾತ ಉದಾಹರಣೆ.

ಡೆಂಗಿಯಲ್ಲಿ ಜ್ವರ ಬಿಟ್ಟ ಮೇಲೆಯೇ ಅಪಾಯ ಎನ್ನುತ್ತಾರೆ, ಏಕೆ?

ರಕ್ತನಾಳ ಸೋರುವುದು ಆಗಲೇ. ಸಾಮಾನ್ಯವಾಗಿ ಜ್ವರದ 3ರಿಂದ 7ನೇ ದಿನದ ನಡುವೆ, ಮೈ ತಣ್ಣಗಾಗುವ ಹೊತ್ತಿಗೆ, ಕೆಲವರಲ್ಲಿ ಎಂಡೋಥೀಲಿಯಂ ಸಡಿಲವಾಗುತ್ತದೆ. ಸೋಂಕಿಗೆ ದೇಹ ಹೊರಡಿಸಿದ ಸೈಟೊಕೈನ್ ಎಂಬ ಸಂದೇಶ ಪ್ರೋಟೀನುಗಳು ಒಂದು ಕಾರಣ. ವೈರಸ್ ರಕ್ತಕ್ಕೆ ಬಿಡುವ ಎನ್‌ಎಸ್1 ಪ್ರೋಟೀನ್ ಇನ್ನೊಂದು. ಡೆಂಗಿ ಪತ್ತೆಗೆ ಮೊದಲ ದಿನಗಳಲ್ಲಿ ಮಾಡಿಸುವ ರಕ್ತಪರೀಕ್ಷೆಯಲ್ಲಿ ಹುಡುಕುವುದು ಇದನ್ನೇ. ಅದು ಬರೀ ಗುರುತಲ್ಲ, ಗ್ಲೈಕೊಕ್ಯಾಲಿಕ್ಸ್ ಹೊದಿಕೆಯನ್ನು ಕಳಚಿ ಸೋರಿಕೆಗೆ ದಾರಿ ಮಾಡುತ್ತದೆ ಎಂಬುದನ್ನು 2015ರಿಂದೀಚಿನ ಸಂಶೋಧನೆಗಳು ತೋರಿಸಿವೆ.

ದ್ರವ ಎದೆಯ ಪೊರೆಯೊಳಗೆ, ಹೊಟ್ಟೆಯೊಳಗೆ ಇಳಿಯುತ್ತದೆ. ಒಳಗುಳಿದ ರಕ್ತ ಗಟ್ಟಿಯಾಗಿ ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಏರುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ವೈದ್ಯರು ಪ್ಲೇಟ್‌ಲೆಟ್ ಜೊತೆಗೆ ಹೆಮಟೊಕ್ರಿಟ್ ಮೇಲೆ ಕಣ್ಣಿಡುವುದು ಇದಕ್ಕೇ. ನಮ್ಮಲ್ಲಿ ಮಾತ್ರ ಮನೆಮಂದಿಯ ಮಾತೆಲ್ಲ ಪ್ಲೇಟ್‌ಲೆಟ್ ಸುತ್ತಲೇ. ಪಪ್ಪಾಯಿ ಎಲೆಯ ರಸ ಹಿಂಡುವವರಿಗೆ ರೋಗಿ ಮೂತ್ರ ಮಾಡಿ ಎಷ್ಟು ಹೊತ್ತಾಯಿತು ಎಂಬುದು ಗೊತ್ತಿರುವುದಿಲ್ಲ. ಅಪಾಯದ ಹಂತದಲ್ಲಿ ಮೂತ್ರದ ಲೆಕ್ಕವೇ ಹೆಚ್ಚು ಉಪಯುಕ್ತ ಮಾಹಿತಿ.

ಈ ಸೋರಿಕೆ ಸಾಮಾನ್ಯವಾಗಿ 24ರಿಂದ 48 ಗಂಟೆಗಳಲ್ಲಿ ನಿಲ್ಲುತ್ತದೆ. ಕೋಶಗಳು ಸತ್ತಿರುವುದಿಲ್ಲ, ಬೆಸುಗೆ ಸಡಿಲಿಸಿರುತ್ತವೆ ಅಷ್ಟೇ. ಹೊರಗೆ ಹೋದ ದ್ರವ ವಾಪಸು ರಕ್ತಕ್ಕೆ ಬರುತ್ತದೆ. ಆ ಹೊತ್ತಿನಲ್ಲೂ ಸಲೈನ್ ಏರಿಸುತ್ತಲೇ ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಇನ್ನೊಂದು ಬಾಟಲಿ ಹಾಕಿ ಎಂದು ನರ್ಸ್ ಮೇಲೆ ಒತ್ತಡ ತರುವವರು ಇದನ್ನು ತಿಳಿದಿರಬೇಕು.

ಹೃದಯಾಘಾತಕ್ಕೂ ಉರಿಯೂತಕ್ಕೂ ಏನು ಸಂಬಂಧ?

ಅಪಧಮನಿಯ ಗೋಡೆಯಲ್ಲಿ ಕೊಬ್ಬು ಸೇರುವುದು ಉರಿಯೂತದ ಕೆಲಸ ಎಂದು ಜರ್ಮನಿಯ ರುಡಾಲ್ಫ್ ವಿರ್ಕೊ 19ನೇ ಶತಮಾನದಲ್ಲೇ ವಾದಿಸಿದ್ದರು. ಆ ಮಾತಿಗೆ ಮತ್ತೆ ಮಾನ್ಯತೆ ಸಿಗುವ ಹೊತ್ತಿಗೆ ಇಪ್ಪತ್ತನೇ ಶತಮಾನ ಮುಗಿಯುತ್ತ ಬಂದಿತ್ತು.

ಕೊಲೆಸ್ಟರಾಲ್ ಹೊತ್ತೊಯ್ಯುವ ಎಲ್‌ಡಿಎಲ್ ಕಣಗಳು ಎಂಡೋಥೀಲಿಯಂ ದಾಟಿ ಗೋಡೆಯೊಳಗೆ ಸಿಕ್ಕಿಕೊಂಡು ಆಕ್ಸಿಡೀಕರಣಗೊಳ್ಳುತ್ತವೆ. ಇದರಿಂದ ಕೆರಳಿದ ಎಂಡೋಥೀಲಿಯಂ ವಿಕ್ಯಾಮ್-1 ಹೊರಹಾಕಿ ಮೊನೊಸೈಟ್ ಎಂಬ ಬಿಳಿ ಕಣಗಳನ್ನು ಹಿಡಿದು ಒಳಗೆ ಬಿಡುತ್ತದೆ. ಅವು ಅಲ್ಲಿ ಕೊಬ್ಬು ನುಂಗಿ ನೊರೆಕೋಶಗಳಾಗುತ್ತವೆ, ಇನ್ನಷ್ಟು ಸಂದೇಶ ಕಳಿಸುತ್ತವೆ, ಇನ್ನಷ್ಟು ಕಣಗಳು ಬರುತ್ತವೆ. ಅಂದರೆ ಕೊಬ್ಬು ನಾಳದ ಒಳಮೈಗೆ ಮೆತ್ತಿಕೊಳ್ಳುವುದಲ್ಲ. ಒಳಪದರದ ಕೆಳಗೆ, ಗೋಡೆಯೊಳಗೇ ಗಡ್ಡೆಯಾಗಿ ಬೆಳೆಯುತ್ತದೆ. ಉರಿಯೂತ ಹೆಚ್ಚಿದ್ದಲ್ಲಿ ಅದರ ಮೇಲಿನ ನಾರಿನ ಹೊದಿಕೆ ತೆಳುವಾಗಿ ಒಂದು ದಿನ ಹರಿಯುತ್ತದೆ. ಒಳಗಿನ ಟಿಶ್ಯೂ ಫ್ಯಾಕ್ಟರ್ ರಕ್ತಕ್ಕೆ ತಾಗುತ್ತದೆ. ಅಲ್ಲಿ ಕಟ್ಟುವ ಹೆಪ್ಪು ನಾಳ ಮುಚ್ಚಿದರೆ ಹೃದಯಾಘಾತ. ಕಳೆದ ತಿಂಗಳು ಟ್ರೆಡ್‌ಮಿಲ್ ಪರೀಕ್ಷೆ ಸರಿಯಿದ್ದವರಿಗೂ ಇದು ಆಗುವುದುಂಟು: ಒಡೆಯುವ ಗಡ್ಡೆ ನಾಳವನ್ನು ಅರ್ಧವೂ ಮುಚ್ಚಿರಬೇಕಾಗಿಲ್ಲ.

ಒಂದು ಸಂಗತಿ ನನಗೆ ಯಾವತ್ತೂ ಕುತೂಹಲದ್ದು. ಕೊಲೆಸ್ಟರಾಲ್ ರಕ್ತದಲ್ಲಿ ಎಲ್ಲೆಡೆ ಒಂದೇ ಪ್ರಮಾಣದಲ್ಲಿರುತ್ತದೆ, ಆದರೆ ಗಡ್ಡೆಗಳು ಎಲ್ಲೆಂದರಲ್ಲಿ ಏಳುವುದಿಲ್ಲ. ಕತ್ತಿನ ಅಪಧಮನಿ ಕವಲೊಡೆಯುವಲ್ಲಿ, ಹೃದಯದ ಅಪಧಮನಿಗಳ ಕವಲು ಮತ್ತು ಬಾಗುಗಳಲ್ಲಿ ಏಳುತ್ತವೆ. ನೇರ ಭಾಗಗಳಲ್ಲಿ ರಕ್ತ ಒಂದೇ ದಿಕ್ಕಿಗೆ ಸರಾಗವಾಗಿ ಉಜ್ಜಿಕೊಂಡು ಹರಿಯುತ್ತದೆ. ಆ ಒತ್ತಡ ಗ್ರಹಿಸುವ ಎಂಡೋಥೀಲಿಯಂ ನೈಟ್ರಿಕ್ ಆಕ್ಸೈಡ್ ಹೊರಡಿಸುತ್ತ ಶಾಂತವಾಗಿರುತ್ತದೆ. ಕವಲಿನಲ್ಲಿ ಹರಿವು ಸುಳಿಯುತ್ತದೆ, ಹಿಂದುಮುಂದಾಗುತ್ತದೆ. ಅಲ್ಲಿನ ಕೋಶಗಳು ಮೊದಲಿನಿಂದಲೂ ಅರೆ ಕೆರಳಿದ ಸ್ಥಿತಿಯಲ್ಲಿರುತ್ತವೆ.

ಜ್ವರ, ಕಫ ಬಂದು ವಾರದೊಳಗೆ ಹೃದಯಾಘಾತವಾದರೆ ಅದು ಕಾಕತಾಳೀಯವೇ?

ಬಹಳ ಸಲ ಅಲ್ಲ. ಬ್ರಿಟನ್ನಿನ ರೋಗಿಗಳ ದಾಖಲೆ ಆಧರಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶ್ವಾಸಕೋಶದ ಸೋಂಕಿನ ಮೊದಲ ಮೂರು ದಿನ ಹೃದಯಾಘಾತದ ಸಂಭವ ಸುಮಾರು ಐದು ಪಟ್ಟು ಹೆಚ್ಚಿತ್ತು. ಲಸಿಕೆ ಪಡೆದ ನಂತರ ಅಂತಹ ಏರಿಕೆ ಕಾಣಲಿಲ್ಲ. ಮೊದಲೇ ಗಡ್ಡೆಗಳಿರುವ ನಾಳದಲ್ಲಿ ಎಂಡೋಥೀಲಿಯಂ ಅಂಟುವ, ಹೆಪ್ಪುಗಟ್ಟಿಸುವ ಸ್ಥಿತಿಗೆ ತಿರುಗಿದರೆ ಹೀಗಾಗುವುದು ಸಹಜವೇ. ವಯಸ್ಸಾದ ಹೃದ್ರೋಗಿಗಳಿಗೆ ಫ್ಲೂ ಲಸಿಕೆ ಹಾಕಿಸಿಕೊಳ್ಳಿ ಎನ್ನುವುದು ಇದಕ್ಕಾಗಿ.

ಕೋವಿಡ್ ಬಂದದ್ದರಿಂದ, ಅಥವಾ ಲಸಿಕೆಯಿಂದ, ಹಾಸನದಲ್ಲಿ ಯುವಕರು ಹೃದಯಾಘಾತದಿಂದ ಸತ್ತರೇ?

ಕೋವಿಡ್ ಎಂಡೋಥೀಲಿಯಂಗೆ ಪೆಟ್ಟು ಕೊಡುತ್ತದೆ ಎಂಬುದು ನಿಜ. 2020ರ ಏಪ್ರಿಲ್‌ನಲ್ಲೇ ಸ್ವಿಟ್ಜರ್ಲೆಂಡಿನ ವೈದ್ಯರು ಮೃತರ ಅಂಗಾಂಗಗಳ ರಕ್ತನಾಳದ ಒಳಪದರದಲ್ಲಿ ಉರಿಯೂತ ಕಂಡು ವರದಿ ಮಾಡಿದ್ದರು. ತೀವ್ರ ಕೋವಿಡ್‌ನಲ್ಲಿ ರಕ್ತ ಹೆಪ್ಪುಗಟ್ಟಿದ್ದಕ್ಕೆ ಇದೂ ಒಂದು ಕಾರಣ. ಆದರೆ 2025ರ ಹಾಸನದ ಸಾವುಗಳ ಬಗ್ಗೆ ಸರ್ಕಾರ ನೇಮಿಸಿದ ತಜ್ಞರ ಸಮಿತಿ ಕೋವಿಡ್ ಸೋಂಕಿಗೂ ಲಸಿಕೆಗೂ ನೇರ ನಂಟು ಕಾಣಲಿಲ್ಲ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇಗ ಬರುವುದು ಕೋವಿಡ್‌ಗಿಂತ ಹಳೆಯ ಕಥೆ. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಮೊದಲ ಹೃದಯಾಘಾತವಾದಾಗ ನಮ್ಮವರ ವಯಸ್ಸಿನ ಮಧ್ಯಾಂಕ 53, ಉಳಿದವರದು ಸುಮಾರು 59. ತಂಬಾಕು, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟರಾಲ್, ರಕ್ತದೊತ್ತಡ, ಹೊಟ್ಟೆಯ ಬೊಜ್ಜು ಎಂಬ ಮಾಮೂಲಿ ಪಟ್ಟಿಯೇ ಆ ಅಧ್ಯಯನದಲ್ಲೂ ಮೇಲಿತ್ತು. ಈ ಉತ್ತರ ವಾಟ್ಸ್‌ಆ್ಯಪ್‌ನಲ್ಲಿ ಓಡುವಂಥದ್ದಲ್ಲ.

ವಸಡಿನ ರೋಗಕ್ಕೂ ರಕ್ತನಾಳಕ್ಕೂ ಸಂಬಂಧ ಇದೆಯೇ?

ಇದೆ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವಸಡಿನ ತೀವ್ರ ರೋಗವಿದ್ದ 120 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಸಡಿನ ಆಳದವರೆಗೆ ಶುಚಿ ಮಾಡುವ ತೀವ್ರ ಚಿಕಿತ್ಸೆ, ಇನ್ನೊಂದಕ್ಕೆ ಸಾಧಾರಣ ಶುಚಿ. ತೀವ್ರ ಚಿಕಿತ್ಸೆಯಾದ ಮರುದಿನ ಆ ಗುಂಪಿನವರ ತೋಳಿನ ಅಪಧಮನಿ ಮೊದಲಿಗಿಂತ ಕಡಿಮೆ ಹಿಗ್ಗಿತು, ಏಕೆಂದರೆ ಚಿಕಿತ್ಸೆಯೇ ಒಂದು ಗಾಯ. ಆರು ತಿಂಗಳ ನಂತರ ಅದೇ ಅಪಧಮನಿ ಇನ್ನೊಂದು ಗುಂಪಿನವರದಕ್ಕಿಂತ ಚೆನ್ನಾಗಿ ಹಿಗ್ಗುತ್ತಿತ್ತು. ಇದರಿಂದ ಹೃದಯಾಘಾತ ತಪ್ಪುತ್ತದೆ ಎಂದು ಸಾಬೀತಾದಂತಲ್ಲ. ಆದರೂ ರಕ್ತ ಜಿನುಗುವ ವಸಡನ್ನು ವರ್ಷಗಟ್ಟಲೆ ಹಾಗೇ ಬಿಡಲು ಯಾವ ನೆಪವೂ ಇಲ್ಲ.

ಸಂಧಿವಾತ ಇರುವವರಿಗೆ?

ರುಮಟಾಯ್ಡ್ ಸಂಧಿವಾತದಲ್ಲಿ ಹೃದ್ರೋಗದ ಅಪಾಯ ಸುಮಾರು ಒಂದೂವರೆ ಪಟ್ಟು. ಕೀಲುಗಳನ್ನು ಕೆರಳಿಸುವ ಟಿಎನ್‌ಎಫ್ ರಕ್ತದಲ್ಲಿ ಸುತ್ತಾಡುತ್ತ ನಾಳಗಳನ್ನೂ ಕೆರಳಿಸುತ್ತದೆ. ಕೀಲುನೋವು ಕಡಿಮೆಯಾಯಿತೆಂದು ಔಷಧ ತಾವೇ ನಿಲ್ಲಿಸುವವರು ಇದನ್ನು ಗಮನಿಸಬೇಕು.

ಸಿಆರ್‌ಪಿ ಪರೀಕ್ಷೆ ಮಾಡಿಸಬೇಕೇ?

ಸಿಆರ್‌ಪಿ ಪಿತ್ತಜನಕಾಂಗದಲ್ಲಿ ತಯಾರಾಗುವ ಪ್ರೋಟೀನ್. ಉರಿಯೂತ ಎಲ್ಲೇ ಇದ್ದರೂ ಏರುತ್ತದೆ. ಹೈ-ಸೆನ್ಸಿಟಿವಿಟಿ ಪರೀಕ್ಷೆಯಲ್ಲಿ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಹೃದ್ರೋಗದ ಅಪಾಯ ಕಡಿಮೆ, 3ಕ್ಕಿಂತ ಹೆಚ್ಚಿದ್ದರೆ ಹೆಚ್ಚು ಎಂದು ಲೆಕ್ಕ. 10 ದಾಟಿದರೆ ಬೇರೆ ಸೋಂಕೋ ಗಾಯವೋ ಇರಬಹುದು, ಕೆಲ ವಾರ ಬಿಟ್ಟು ಮತ್ತೆ ನೋಡಬೇಕು. ನೆಗಡಿಯಾದ ವಾರದಲ್ಲಿ ಹಬ್ಬದ ರಿಯಾಯಿತಿಯ ಪ್ಯಾಕೇಜಿನಲ್ಲಿ ಮಾಡಿಸಿಕೊಂಡ ಸಿಆರ್‌ಪಿ ಹಿಡಿದು ಗಾಬರಿಯಾಗುವುದು ಹಣಕ್ಕೂ ನಿದ್ದೆಗೂ ನಷ್ಟ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರು ಮಾಡಬೇಕೋ ಬೇಡವೋ ಎಂಬ ಗೊಂದಲವಿದ್ದಾಗ ವೈದ್ಯರೇ ಕೇಳಿದರೆ ಮಾಡಿಸಿ.

ಉರಿಯೂತ ತಗ್ಗಿಸುವ ಔಷಧ ಕೊಟ್ಟರೆ ಹೃದಯಾಘಾತ ತಪ್ಪುತ್ತದೆಯೇ?

ಇದನ್ನು ನೇರವಾಗಿ ಪರೀಕ್ಷಿಸಿದ್ದು ಕ್ಯಾಂಟೋಸ್ ಪ್ರಯೋಗ. ಈಗಾಗಲೇ ಹೃದಯಾಘಾತವಾಗಿ, ಸಿಆರ್‌ಪಿ ಹೆಚ್ಚೇ ಉಳಿದಿದ್ದ 10,061 ಜನ ಅದರಲ್ಲಿದ್ದರು. ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆಯುವ ಕ್ಯಾನಕಿನುಮ್ಯಾಬ್ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. 2017ರಲ್ಲಿ ಬಂದ ಫಲಿತಾಂಶ: 150 ಮಿಲಿಗ್ರಾಂ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾರೆ 15 ಶೇಕಡಾ ಕಡಿಮೆ. ಎಲ್‌ಡಿಎಲ್ ಇಳಿದಿರಲೇ ಇಲ್ಲ. ಉರಿಯೂತವೊಂದನ್ನೇ ತಗ್ಗಿಸಿದರೂ ಫಲವಿದೆ ಎಂದು ಹೀಗೆ ಗೊತ್ತಾಯಿತು. ಜೊತೆಗೆ ಸೋಂಕಿನಿಂದ ಸತ್ತವರೂ ಹೆಚ್ಚಾದರು. ಔಷಧ ವಿಪರೀತ ದುಬಾರಿ. ಹೃದ್ರೋಗಕ್ಕೆ ಅದು ಬಳಕೆಗೆ ಬರಲಿಲ್ಲ.

ಅಗ್ಗದ ದಾರಿ ಕಾಲ್ಚಿಸಿನ್, ಗೌಟ್ ಎಂಬ ಕೀಲುನೋವಿಗೆ ಕೊಡುವ ಹಳೆಯ ಮಾತ್ರೆ. 2019 ಮತ್ತು 2020ರ ಎರಡು ದೊಡ್ಡ ಪ್ರಯೋಗಗಳಲ್ಲಿ ದಿನಕ್ಕೆ 0.5 ಮಿಲಿಗ್ರಾಂ ಪ್ರಯೋಜನ ತೋರಿಸಿತು. 2023ರಲ್ಲಿ ಅಮೆರಿಕ ಹೃದ್ರೋಗಕ್ಕೆ ಒಪ್ಪಿಗೆಯನ್ನೂ ಕೊಟ್ಟಿತು. 2024ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ವಾದ ನಡೆಯುತ್ತಿದೆ. ಮಲೆನಾಡಿನ ಬೇಲಿಗಳಲ್ಲಿ ಅರಳುವ ಗೌರಿ ಹೂವಿನ ಗೆಡ್ಡೆಯಲ್ಲೂ ಕಾಲ್ಚಿಸಿನ್ ಇದೆ. ಅದನ್ನು ತಿಂದು ಸತ್ತವರಿದ್ದಾರೆ; ಗೆಡ್ಡೆಗೆ ಕೈ ಹಾಕಬೇಡಿ.

ಹಾಗಿದ್ದರೆ ನೋವಿನ ಮಾತ್ರೆಗಳೂ ಉರಿಯೂತ ತಗ್ಗಿಸುತ್ತವೆ, ಅವೂ ಒಳ್ಳೆಯವೇ?

ಇಲ್ಲಿಯೇ ಲೆಕ್ಕ ತಪ್ಪುವುದು. ರೋಫೆಕಾಕ್ಸಿಬ್ ಎಂಬ ನೋವಿನ ಮಾತ್ರೆಯನ್ನು 2004ರಲ್ಲಿ ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು, ಹೃದಯಾಘಾತ ಹೆಚ್ಚಿಸುತ್ತದೆ ಎಂಬ ಕಾರಣಕ್ಕೆ. ಕೀಲಿನ ಉರಿಯೂತಕ್ಕೆ ಕಾರಣವಾಗುವ ಕಾಕ್ಸ್-2 ಕಿಣ್ವವನ್ನು ಅದು ತಡೆಯುತ್ತಿತ್ತು. ಎಂಡೋಥೀಲಿಯಂ ರಕ್ಷಣೆಯ ಪ್ರೊಸ್ಟಸೈಕ್ಲಿನ್ ತಯಾರಾಗಲೂ ಅದೇ ಕಿಣ್ವ ಬೇಕು. ಡೈಕ್ಲೊಫಿನ್ಯಾಕ್ ಬಗ್ಗೆಯೂ ಇದೇ ಎಚ್ಚರಿಕೆ ಇದೆ. ಹೃದ್ರೋಗಿಗಳು ಮೊಣಕಾಲು ನೋವಿಗೆ ಔಷಧ ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗಬಾರದು.

ಕಡಿಮೆ ಪ್ರಮಾಣದ ಆಸ್ಪಿರಿನ್ ಕಥೆ ಬೇರೆ. ಪ್ಲೇಟ್‌ಲೆಟ್ ಗುಂಪುಗಟ್ಟಲು ನೆರವಾಗುವ ಕಾಕ್ಸ್ ಕಿಣ್ವವನ್ನು ಅದು ಹಾಳು ಮಾಡುತ್ತದೆ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರ ಇಲ್ಲ, ಕಿಣ್ವ ಹಾಳಾದರೆ ಮತ್ತೆ ತಯಾರಿಸಲಾರದು. ಎಂಡೋಥೀಲಿಯಂಗೆ ಕೋಶಕೇಂದ್ರ ಇದೆ, ಕೆಲ ಗಂಟೆಗಳಲ್ಲಿ ಸರಿಪಡಿಸಿಕೊಳ್ಳುತ್ತದೆ. ಆದರೂ ವೈದ್ಯರು ಹೇಳದೆ ಅದನ್ನು ದಿನವೂ ತೆಗೆದುಕೊಳ್ಳಬೇಡಿ, ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು.

ಅರಿಶಿನ, ಬೆಳ್ಳುಳ್ಳಿ, ದಾಳಿಂಬೆ ರಸ?

ಅಡುಗೆಯಲ್ಲಿ ಧಾರಾಳವಾಗಿ ಬಳಸಿ. ಅರಿಶಿನದ ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದೇ ಅತ್ಯಲ್ಪ. ಇವುಗಳ ಕ್ಯಾಪ್ಸೂಲ್ ಹೃದಯಾಘಾತ ತಪ್ಪಿಸಿದ್ದಕ್ಕೆ ಗಟ್ಟಿ ಪುರಾವೆ ಇಲ್ಲ.

ಎಂಡೋಥೀಲಿಯಂ ಮತ್ತೆ ಸರಿಯಾಗುತ್ತದೆಯೇ?

ಗಡ್ಡೆ ಬೆಳೆಯುವುದಕ್ಕೆ ಮೊದಲ ಹಂತದಲ್ಲಿ ಬಹಳಷ್ಟು ಸರಿಯಾಗುತ್ತದೆ. ಬೀಡಿ ಸಿಗರೇಟು ಬಿಟ್ಟವರಲ್ಲಿ ನಾಳ ಹಿಗ್ಗುವ ಶಕ್ತಿ ಸುಧಾರಿಸುತ್ತದೆ. ಬಿರುಸು ನಡಿಗೆಯಲ್ಲಿ ರಕ್ತ ವೇಗವಾಗಿ ಹರಿದು ಒಳಪದರವನ್ನು ಸವರಿದಾಗ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವ ಚುರುಕಾಗುತ್ತದೆ. ವಾರಕ್ಕೆ 150 ನಿಮಿಷ ಎಂಬ ಸಲಹೆಯನ್ನು ಎಲ್ಲರೂ ಕೇಳಿರುತ್ತೀರಿ. ಸ್ಟ್ಯಾಟಿನ್ ಎಲ್‌ಡಿಎಲ್ ಇಳಿಸುವುದರ ಜೊತೆಗೆ ಸಿಆರ್‌ಪಿಯನ್ನೂ ಇಳಿಸುತ್ತದೆ. ರಕ್ತದ ಸಕ್ಕರೆ, ಒತ್ತಡ ಹತೋಟಿಯಲ್ಲಿಡುವುದು ಇವೆಲ್ಲಕ್ಕಿಂತ ಬೇಸರದ ಕೆಲಸ, ಆದರೆ ಅದರ ಫಲ ದೊಡ್ಡದು.

ಯಾವಾಗ ಕಾಯದೆ ಆಸ್ಪತ್ರೆಗೆ ಹೋಗಬೇಕು?

ಡೆಂಗಿ ಜ್ವರ ಬಿಟ್ಟ ಮೇಲೆ ಹೊಟ್ಟೆನೋವು, ನಿಲ್ಲದ ವಾಂತಿ, ತಣ್ಣಗಿನ ಕೈಕಾಲು, ಮಂಪರು, ಆರು ಗಂಟೆ ಕಳೆದರೂ ಮೂತ್ರ ಬಾರದಿರುವುದು, ಇವುಗಳಲ್ಲಿ ಯಾವುದೇ ಕಂಡರೂ ತಕ್ಷಣ. ಎದೆಯ ನಡುವೆ ಒತ್ತಿದಂತಹ ನೋವು, ಎಡತೋಳಿಗೋ ದವಡೆಗೋ ಹರಿಯುವ ನೋವು, ಅದರೊಂದಿಗೆ ಬೆವರು ಬಂದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಕೂರಬೇಡಿ, 108ಕ್ಕೆ ಕರೆ ಮಾಡಿ. ಕರ್ನಾಟಕದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಜಾರಿಯಲ್ಲಿರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಜಿಲ್ಲಾ ಕೇಂದ್ರದವರೆಗೆ ಬಾಡಿಗೆ ಕಾರು ಹುಡುಕುವ ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ ಎಂದು ಈಗಲೇ ವಿಚಾರಿಸಿಟ್ಟುಕೊಳ್ಳಿ.